ಬರೀ ಆನೆ ಬಂದರೆ ಎಂತ ಅಲಂಕಾರ?

ಕಬಕ
14 ಜೂನ್ 2025

ಪ್ರೀತಿಯ ಸುಪ್ರಿತಾ,

ಕೆಲಸ ಸಿಕ್ಕಿತು. ಇದನ್ನು ಮೊದಲು ಹೇಳದಿದ್ದರೆ ನೀನು ಉಳಿದದ್ದನ್ನು ಓದದೆ ಕೊನೆಯ ಸಾಲಿಗೆ ಹಾರುತ್ತೀ.

ಮೂರು ತಿಂಗಳಿಂದ ನಿನ್ನ ಫೋನ್ ಎತ್ತಲಿಲ್ಲ. ಪುತ್ತೂರಿನಲ್ಲೂ ಸುಳ್ಯದಲ್ಲೂ ಡೆಮೊ ಕ್ಲಾಸಿನಲ್ಲಿ ನನಗೆ ಸ್ವರವೇ ಹೊರಡಲಿಲ್ಲ. ಆ ನಾಚಿಕೆಗೆ ಎತ್ತಲಿಲ್ಲ ಎಂದುಕೋ. ಕಡಬದ ಈ ಶಾಲೆಯೂ ತಪ್ಪಿದರೆ ಶುಕೂರ್ ಮಾಮನ ಫ್ಯಾನ್ಸಿ ಅಂಗಡಿಯಲ್ಲಿ ಕೂರುವುದೆಂದು ಉಮ್ಮ ತೀರ್ಮಾನಿಸಿದ್ದರು. ಅಲ್ಲಿ ಇನ್ನೂ ಹೆಚ್ಚು ಮಾತಾಡಬೇಕು ಎಂದು ಹೇಳಲೂ ನನಗೆ ಬಾಯಿ ಬರಲಿಲ್ಲ.

ಇವತ್ತು ಕಡಬದಲ್ಲಿ ಒಂಬತ್ತನೆಯ ತರಗತಿ, ಅಲಂಕಾರಗಳ ಪಾಠ. ಮುಖ್ಯೋಪಾಧ್ಯಾಯ ತೀರ್ಥರಾಮ ಸರ್ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದರು. ಮಾತಾಡುವ ಬದಲು ಹಲಗೆಯ ಮೇಲೆ ಬರೆದೆ: ‘ಮಾವ ಆನೆಯ ಹಾಗೆ ಬಂದರು’, ಉಪಮೆ. ‘ಮಾವನೆಂಬ ಆನೆ ಬಂತು’, ರೂಪಕ. ಮುಂದೆ ವಿವರಿಸಲಾಗದೆ ಅದರ ಕೆಳಗೇ ಗೆರೆ ಎಳೆಯುತ್ತಾ ನಿಂತೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಮುಗಿಯಿತು ಅಂದುಕೊಂಡೆ.

ಆಗ ಸೀತು ಎಂಬ ಹುಡುಗಿ ಎದ್ದಳು. ಗುತ್ತಿಗಾರಿನವಳು, ಇಲ್ಲಿ ಹಾಸ್ಟೆಲಿನಲ್ಲಿದ್ದಾಳೆ.

“ಟೀಚರ್, ಮೊನ್ನೆ ನಮ್ಮ ಮನೆಗೆ ಮಾವ ಬರ್ಲಿಲ್ಲ, ಬರೀ ಆನೆ ಬಂತು. ಅದು ಎಂತ ಅಲಂಕಾರ?”

ಯೋಚಿಸುವ ಮೊದಲೇ ಬಾಯಿಂದ ಬಂತು: “ಅದು ಅಲಂಕಾರ ಅಲ್ಲ ಸೀತು. ಅದು ಬಂದ್ರೆ ಓಡುದು.”

ತರಗತಿ ಬಿದ್ದು ಬಿದ್ದು ನಕ್ಕಿತು. ತೀರ್ಥರಾಮ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅದೇ ಧೈರ್ಯದಲ್ಲಿ, ಒಬ್ಬರು ಹಿಂದೊಮ್ಮೆ ನನ್ನ ಬಗ್ಗೆ ಹೇಳಿದ ಮಾತನ್ನೇ ಬರೆದೆ: ‘ಇವಳಿಗೆ ಬಾಯಿಯೇ ಇಲ್ಲ.’ ಇದು ನನ್ನ ಬಗ್ಗೆಯೇ ಎಂದೆ. ಸುಳ್ಳು, ಟೀಚರಿಗೆ ಬಾಯಿ ಉಂಟು, ಈಗ ತಾನೇ ನೋಡಿದೆವು ಎಂದು ಮಕ್ಕಳು ಕೂಗಿದರು. ಇದು ಸುಳ್ಳಲ್ಲ, ಅತಿಶಯೋಕ್ತಿ ಎಂದೆ. ಇದ್ದದ್ದನ್ನೇ ಎಳೆದು ದೊಡ್ಡದು ಮಾಡುವುದು. ಹೇಳಿದವರ ಮನಸ್ಸಿನಲ್ಲಿ ಅಷ್ಟು ಇರುವುದಿಲ್ಲ, ಕೇಳಿದವರು ಅಕ್ಷರಕ್ಕೆ ಅಕ್ಷರ ಹಿಡಿದು ಕೂರಬಾರದು. ಮಕ್ಕಳಿಗೆ ವಿವರಿಸುತ್ತಾ ಹೋದ ಹಾಗೆ ನನ್ನ ಎದೆಯೂ ಹಗುರಾಯಿತು.

ಹೊರಡುವಾಗ ಸರ್, “ಸೋಮವಾರದಿಂದ ಬನ್ನಿ ಮಾರಾಯ್ರೆ. ಆನೆಯನ್ನೂ ಕರ್ಕೊಂಡು ಬನ್ನಿ” ಎಂದರು. ಬಸ್ಸಿನಲ್ಲಿ ಕಬಕದವರೆಗೂ ಒಬ್ಬಳೇ ನಗುತ್ತಾ ಬಂದೆ. ಉಮ್ಮ ಪಾಯಸಕ್ಕೆ ಇಟ್ಟಿದ್ದಾರೆ.

ನಿನ್ನ
ಅಮೀರಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮಾರ್ಚಿನಲ್ಲಿ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ತಮ್ಮ ಸೂರಜ್‌ಗೆ ನೀನು, “ಅಮೀರಾ ಟೀಚರ್ ಆಗುದಾ? ಅವಳಿಗೆ ಬಾಯಿಯೇ ಇಲ್ಲ ಮಾರಾಯ” ಎಂದಾಗ ನಾನು ನಿನಗೂ ಸೇರಿಸಿ ಎರಡು ಎಳನೀರಿನ ಬೊಂಡ ಹಿಡಿದುಕೊಂಡು ಹಿಂದೆಯೇ ನಿಂತಿದ್ದೆ. ಇವತ್ತು ಹಲಗೆಗೆ ಏರಿದ್ದು ನಿನ್ನ ವಾಕ್ಯ. ನಾಳೆ ಫೋನ್ ಮಾಡು. ಎತ್ತುತ್ತೇನೆ, ಮಾತೂ ನಾನೇ ಆಡುತ್ತೇನೆ.