ನಿನ್ನ ಹೆಸರಿನಲ್ಲಿ ನಾನು ಅಳಿಸಿದ ಸಾಲುಗಳು

ಪ್ರಿಯ ತಂಗಿ,

ಫೋನಿನಲ್ಲಿ ಹೇಳಲು ಧೈರ್ಯವಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಂಪನಿಯ ಸಾಫ್ಟ್‌ವೇರಿನಲ್ಲಿ ಒಂದು ಘಟನೆ ನಡೆದಾಗ ಅದಕ್ಕಾಗಿ ಕಾಯುವ ಫಂಕ್ಷನ್‌ಗಳಿಗೆ, ಅಂದರೆ ಒಂದೊಂದು ಕೆಲಸ ಮಾಡುವ ಕೋಡಿನ ತುಣುಕುಗಳಿಗೆ, ಸರದಿಯಂತೆ ಸುದ್ದಿ ಹೋಗಲಿ ಎಂದು ವಿನ್ಯಾಸ ಮಾಡಿದವಳು ನಾನು. "ಅಕ್ಕಾ, ಮೊದಲನೇದು ಎಡವಿದ್ರೆ ಹಿಂದಿರೋವಕ್ಕೆ ಸುದ್ದಿನೇ ಹೋಗಲ್ವಲ್ಲ?" ಎಂದು ಕೇಳಿ, ಅದನ್ನು ತಡೆಯಲು ನಾಲ್ಕು ಸಾಲು ಸೇರಿಸಿದವಳು ನೀನು. "ನನ್ನ ಚೆಂದದ ಕೋಡಿಗೆ ತೇಪೆ ಹಾಕ್ಬೇಡ ತಾಯಿ" ಎಂದು ನಾನು ನಕ್ಕೆ. ನೀನು ಊಟಕ್ಕೆ ಹೋದಾಗ ನಿನ್ನ ಕಂಪ್ಯೂಟರಿನಲ್ಲೇ ಕುಳಿತು ಆ ನಾಲ್ಕು ಸಾಲನ್ನು ಅಳಿಸಿದೆ. ಯಾರು ಬದಲಿಸಿದರೆಂಬ ದಾಖಲೆಯಲ್ಲಿ ನಿನ್ನ ಹೆಸರು ಬಿತ್ತು.

ನಮ್ಮ ಸಾಫ್ಟ್‌ವೇರ್ ಬಳಸುವ ಒಂದು ಆಸ್ಪತ್ರೆಯಲ್ಲಿ ಪರದೆಯ ಬಣ್ಣ ಬದಲಿಸುವ ಫಂಕ್ಷನ್ ಕೆಟ್ಟಿತು. ಸರದಿಯಲ್ಲಿ ಅದರ ಹಿಂದಿದ್ದ, ನರ್ಸ್ ಕೋಣೆಯ ಗಂಟೆ ಬಾರಿಸುವ ಫಂಕ್ಷನ್‌ಗೆ ಸುದ್ದಿ ಹೋಗಲೇ ಇಲ್ಲ. ಸಹಾಯಕ್ಕೆ ಗುಂಡಿ ಒತ್ತಿದ್ದ ಮುದುಕಿಯೊಬ್ಬರು ನಲವತ್ತು ನಿಮಿಷ ನೆಲದ ಮೇಲೆ ಬಿದ್ದಿದ್ದರು.

"ಅಳಿಸಿದ್ದು ನೀವೇ ತಾನೇ?" ಎಂದು ಮ್ಯಾನೇಜರ್ ಕೇಳಿದಾಗ ನೀನು ನನ್ನ ಮುಖ ನೋಡಿದೆ. ನಾನು ನಿನ್ನ ಕಣ್ಣು ತಪ್ಪಿಸಲು ಕನ್ನಡಕ ತೆಗೆದು ಒರೆಸುತ್ತಿದ್ದೆ. ನೀನು ನನ್ನ ಹೆಸರೆತ್ತಲಿಲ್ಲ, ನಿನ್ನನ್ನು ಮನೆಗೆ ಕಳಿಸಿದರು.

ಇಂದು ಬೆಳಿಗ್ಗೆ ಮ್ಯಾನೇಜರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಸೋಮವಾರ ನೀನು ಕೆಲಸಕ್ಕೆ ಬರಬೇಕಂತೆ. ಕಿಟಕಿ ಪಕ್ಕದ ನನ್ನ ಮೇಜು ಖಾಲಿಯಿರುತ್ತದೆ, ಬೇಕಿದ್ದರೆ ತೆಗೆದುಕೋ. ಯಾರಾದರೂ ಕೇಳಿದರೆ, ಅಕ್ಕ ಬೇಕಂತ ಮಾಡಿದ್ದಲ್ಲ ಎಂದು ಮಾತ್ರ ಹೇಳಬೇಡ. ಗಂಟೆಯ ವಿಷಯದಲ್ಲಿ ಅದು ನಿಜ. ಕನ್ನಡಕದ ವಿಷಯದಲ್ಲಿ ಅಲ್ಲ.

ತಲೆ ತಗ್ಗಿಸಿ,
ನೀನು ಅಕ್ಕ ಎನ್ನುತ್ತಿದ್ದವಳು