ಬೆನ್ನು ತಿರುಗಿಸಿದ ಕುರ್ಚಿ

ಪೆಟ್ರೊಲಿನಾ, ಜೂನ್ 17, ಭಾನುವಾರ ಸಂಜೆ

ಪ್ರೀತಿಯ ಮಗ ಎಡ್ವಾನಿಯೊಗೆ,

ನಿನ್ನ ಅಪ್ಪನಾದ ನಾನು ಸಮಸ್ತ ಬ್ರೆಜಿಲ್ ದೇಶಕ್ಕೆ ಸಾರಬೇಕೆಂದಿದ್ದೆ, ಸದ್ಯಕ್ಕೆ ನಿನಗೊಬ್ಬನಿಗೇ ಸಾರುತ್ತಿದ್ದೇನೆ: ಇಂದು ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಅಡುಗೆಮನೆ ಬಾಗಿಲ ಹಿಂದಿನ ನೀಲಿ ಕುರ್ಚಿ ಹದಿನಾರು ವರ್ಷಗಳಲ್ಲಿ ಮೊದಲ ಬಾರಿ ಎರಡು ಗೇಣು ಸರಿಯಿತು. ಸರಿಸಿದವನು ನಾನೇ. ಜೀವಂತವಾಗಿದ್ದೇನೆ.

ಅದಿರಲಿ, ಮೊಣಕಾಲು ಹೇಗಿದೆ? ಅಲ್ಲಿ ದಕ್ಷಿಣದಲ್ಲಿ ಈಗ ಹಲ್ಲು ಕಟಕಟಿಸುವ ಚಳಿಯಂತೆ. ಮೂವತ್ಮೂರು ವರ್ಷದ ಮೊಣಕಾಲು ಚಳಿಗೆ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ, ಎಣ್ಣೆ ಹಚ್ಚಿಕೋ. ಇಲ್ಲಿ ನಾವು ಕ್ಷೇಮ. ಸಂತ ಜೋವಾನರ ಹಬ್ಬಕ್ಕೆ ಆರೇ ದಿನ ಉಳಿದಿವೆ. ಬೀದಿಯಲ್ಲಿ ಮನೆಗೊಂದು ಸೌದೆ ರಾಶಿ ಬಿದ್ದಿದೆ. ನಿನ್ನಮ್ಮ ಇಡೀ ಊರಿನ ಮುಸುಕಿನ ಜೋಳವನ್ನೆಲ್ಲ ತಾನೇ ತುರಿಯುವ ಪಣ ತೊಟ್ಟವಳಂತೆ ಕೂತಿದ್ದಾಳೆ.

ಆದರೆ ಊರಿಗೆ ಹಬ್ಬದ ಮೇಲೆ ಧ್ಯಾನವೇ ಇಲ್ಲ ಕಣೋ! ಫುಟ್‌ಬಾಲ್ ಕಪ್ಪಿಗೆ ಯಾರಿಗೆ ಯಾರು ಎದುರೆಂದು ಚೀಟಿ ಎತ್ತಿದ ದಿನ ನಿನ್ನ ತಂಡದ ಹೆಸರಿನ ಪಕ್ಕದಲ್ಲಿ ನಮ್ಮೂರ ತಂಡದ ಹೆಸರು ಬಂತಲ್ಲ, ಆಗ ಎದ್ದ ಗದ್ದಲಕ್ಕೆ ನದಿಯಾಚೆಯ ಜುವಾಜೇರೊದವರು ಇಲ್ಲೇನೋ ಕುಸಿದು ಬಿತ್ತೆಂದುಕೊಂಡರಂತೆ. ನೀನು ಹದಿನೇಳಕ್ಕೆ ಬಿಟ್ಟುಹೋದ ಮೈದಾನಕ್ಕೆ, ರೆಸೀಫೆ, ಪೋರ್ಚುಗಲ್ ಎಲ್ಲ ಸುತ್ತಿ, ಆಡುವ ಕೊನೆಯ ವರ್ಷದಲ್ಲಿ ಎದುರಾಳಿಯಾಗಿ ಬರುತ್ತಿದ್ದೀಯ. ನಾನು ಹಾಕಿಕೊಳ್ಳುವುದು ನಮ್ಮೂರ ಹಸಿರು ಅಂಗಿಯನ್ನೇ. ರಕ್ತ ಒಂದು ಕಡೆ, ಅಂಗಿ ಇನ್ನೊಂದು ಕಡೆ, ಮುನಿಸು ಬೇಡ.

ಕುರ್ಚಿಯ ವಿಷಯಕ್ಕೆ ಬರುತ್ತೇನೆ. ನಿನ್ನಮ್ಮ ಮೈದಾನಕ್ಕೆ ಬಂದದ್ದು ಒಂದೇ ಸಲ. ಅವತ್ತು ಅವಳು ಎದ್ದು ಕೈ ಬೀಸಿದ ಗಳಿಗೆಯಲ್ಲೇ ನಿನ್ನ ಮೊಣಕಾಲು ತಿರುಚಿಕೊಂಡಿತು. ನೀನು ಹಾಸಿಗೆ ಹಿಡಿದ ಎಂಟು ತಿಂಗಳಲ್ಲಿ ಅವಳು ದೇವಮಾತೆಗೆ ಹರಕೆ ಹೊತ್ತಳು: ಮಗ ಎದ್ದು ಆಡಿದರೆ ಅವನ ಆಟ ನಡೆಯುವಾಗ ನಾನು ಎಂದೂ ಕಣ್ಣೆತ್ತಿ ನೋಡುವುದಿಲ್ಲ. ಅಂದಿನಿಂದ ನಿನ್ನ ಪ್ರತಿ ಪಂದ್ಯಕ್ಕೂ ನಾನು ಟೀವಿ ಮುಂದೆ, ಅವಳು ಆ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ. ಜನ ಕೂಗಿದರೆ ಅಲ್ಲಿಂದಲೇ "ರೀ, ಯಾರು ಬಿದ್ರು?" ಅಂತ ಕೇಳುವಳು. ಗೋಲಿಗೂ ಅದೇ ಪ್ರಶ್ನೆ. ಹದಿನಾರು ವರ್ಷ ನಾನು ಮರುಗಿದ್ದೇನೆ, ಪಾಪ, ಇವಳಿಗೆ ಏನೂ ಗೊತ್ತಾಗುವುದಿಲ್ಲವಲ್ಲ ಅಂತ.

ಇವತ್ತು ಅವಳು ಚರ್ಚಿನಲ್ಲಿ ತೋರಣ ಕಟ್ಟುತ್ತಾ ತಡಮಾಡಿದಳು. ಬರುವಷ್ಟರಲ್ಲಿ ಆ ಗೋಡೆಗೆ ಸುಣ್ಣ ಬಳಿದುಬಿಡೋಣವೆಂದು, ನಿನ್ನ ಪಂದ್ಯ ಬರುತ್ತಿದ್ದ ಟೀವಿಯ ದನಿ ಹೆಚ್ಚಿಸಿ, ಕುರ್ಚಿ ಸರಿಸಿ, ಕುಂಚ ಹಿಡಿದು ನಿಂತೆ. ಪಕ್ಕದ ಕಿಟಕಿಯಿಂದ ನಮ್ಮ ನೆರೆಯ ಅಡೆಮಾರನ ರೇಡಿಯೋ ಒದರಿತು: "ಗೋ...ಲ್!" ತಿರುಗಿ ನೋಡುತ್ತೇನೆ, ರೇಡಿಯೋಗಿಂತ ಹಿಂದೆ ಓಡುವ ಟೀವಿಯಲ್ಲಿ ನೀನಿನ್ನೂ ಚೆಂಡನ್ನು ಕಸಿದೇ ಇಲ್ಲ! ಅಷ್ಟರಲ್ಲಿ ಆ ಬದಿಯಿಂದ ನಿನ್ನಮ್ಮನನ್ನು ಕೂಗುವ ಅಡೆಮಾರನ ದನಿ: "ಕೇಳಿಸ್ತಾ ಇರಾಸಿಯಮ್ಮ? ಚೆಂಡು ಕೊಟ್ಟೋನು ನಮ್ಮ ಹುಡುಗನೇ!" ನಾನು ಸುಣ್ಣ ಮೆತ್ತಿದ ಮುಖವನ್ನು ಕಿಟಕಿಯಿಂದ ಹೊರಗೆ ಹಾಕಿದೆ. ಅಡೆಮಾರ ಎದೆಗೆ ಶಿಲುಬೆ ಗುರುತು ಹಾಕಿಕೊಂಡ.

ಮುದುಕ ಎಲ್ಲವನ್ನೂ ಕಕ್ಕಿದ. ಹದಿನಾರು ವರ್ಷದಿಂದ ನಿನ್ನ ಪಂದ್ಯದ ದಿನ ಅವನ ರೇಡಿಯೋ ನಮ್ಮ ಕಿಟಕಿಗೆ ಎದುರಾಗಿ ಕೂರುತ್ತದೆ. ಪ್ರತಿಯಾಗಿ ಗೋಡೆ ದಾಟಿ ಒಂದು ತಟ್ಟೆ ಜೋಳದ ಹಿಟ್ಟು ಬೇಯಿಸಿದ ಕುಸ್ಕುಸ್, ಮೇಲೆ ಹುರಿದ ಆಡಿನ ಮಾಂಸ. ನನ್ನ ಪಾಲು ಯಾಕೆ ಭಾನುವಾರ ಸಣ್ಣದಾಗುತ್ತಿತ್ತೆಂದು ಈಗ ತಿಳಿಯಿತು! ನೀನು ಪೋರ್ಚುಗಲ್ಲಿನಲ್ಲಿದ್ದಾಗ ಅವನು ಮಾಡಿನ ಮೇಲೆ ತಂತಿ ಕಟ್ಟಿದ್ದನಲ್ಲ, ನಾನು ಬಟ್ಟೆ ಒಣಗಿಸಲಿಕ್ಕೆಂದು ತಿಳಿದು ಒದ್ದೆ ಚಡ್ಡಿ ಹರವಿದ್ದೆ. ಅದು ಲಿಸ್ಬನ್ನಿನ ರೇಡಿಯೋ ಹಿಡಿಯುವ ತಂತಿಯಂತೆ! ನಿನ್ನಮ್ಮ ಅವತ್ತು ಒಂದು ವಾರ ನನ್ನೊಡನೆ ಮಾತು ಬಿಟ್ಟದ್ದರ ಗುಟ್ಟು ಅದು.

ಅವಳು ಬಂದ ಕೂಡಲೇ ವಿಚಾರಣೆಗೆ ನಿಲ್ಲಿಸಿದೆ. "ಏನಿದು ಇರಾಸಿ, ದೇವಮಾತೆಗೇ ಮೋಸವಾ?" ಅಂದೆ. "ನೋಡಲ್ಲ ಅಂದಿದ್ದೆ. ನೋಡಿದೀನಾ? ಮೊದ್ಲು ಕುರ್ಚಿ ಇಡಿ," ಅಂದಳು. "ಟೀವಿ ಮುಂದೆ ನನ್ನ ಜೊತೆ ಬೆನ್ನು ತಿರುಗಿಸಿ ಕೂತು ಕೇಳಬಹುದಿತ್ತಲ್ಲ?" ಅಂದದ್ದಕ್ಕೆ, "ಟೀವಿಯೋರಿಗೆ ಗೋಲು ಹೊಡೆದೋನೇ ದೇವ್ರು. ಅವನಿಗೆ ಚೆಂಡು ಕೊಟ್ಟೋನ ಹೆಸ್ರು ಹೇಳೋದು ರೇಡಿಯೋದೋನು ಮಾತ್ರ. ನನ್ನ ಮಗ ಕೊಡೋನು," ಅಂದಳು.

ನೀನು ಹೊಡೆದ ಹನ್ನೊಂದು ಗೋಲು ನನಗೆ ಬಾಯಿಪಾಠ. ಅವಳಿಗೆ ನೀನು ಕೊಟ್ಟ ಚೆಂಡುಗಳೆಲ್ಲ ಬಾಯಿಪಾಠ, ಯಾವ ಊರು, ಎಷ್ಟನೇ ನಿಮಿಷ, ಎಡಗಾಲೋ ಬಲಗಾಲೋ ಸಮೇತ.

ಕುರ್ಚಿ ಮತ್ತೆ ಸ್ವಸ್ಥಾನ ಸೇರಿದೆ. ಗೋಡೆ ಅರ್ಧ ಬಿಳಿ, ಅರ್ಧ ಮಸಿ. ಕುಸ್ಕುಸ್ ಹಳಸುವ ಮೊದಲೇ ಬಾ. ಪಾದ್ರಿ ಅನ್ಸೆಲ್ಮೊ ಆಶೀರ್ವಾದ ಹೇಳಿದ್ದಾರೆ. ಅವರು ಹಸಿರು ಅಂಗಿಯ ಪಕ್ಷ, ಆಶೀರ್ವಾದ ಅರೆಮನಸ್ಸಿನದು. ದೇವರು ನಿನ್ನನ್ನೂ ನಿನ್ನ ಮೊಣಕಾಲನ್ನೂ ಬೇರೆಬೇರೆಯಾಗಿ ಕಾಪಾಡಲಿ.

ನಿನ್ನ ಅಪ್ಪ,
ನಿವಾಲ್ಡೊ

ಇನ್ನೊಂದು ಮಾತು: ಜುಲೈ ಮೊದಲ ಬುಧವಾರ ನೀನು ಇಲ್ಲಿ ಆಡುವಾಗ ಅವಳೂ ಮೈದಾನಕ್ಕೆ ಬರುತ್ತಾಳಂತೆ! ಈಗಷ್ಟೇ ಜೋಳ ತುರಿಯುತ್ತಾ ಹೇಳಿದಳು. ಅಡೆಮಾರನ ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು, ಆಟಕ್ಕೆ ಬೆನ್ನು ಹಾಕಿ ಕೂರುವಳಂತೆ. ಹರಕೆ ಆಟ ನಡೆಯುವವರೆಗೆ ಮಾತ್ರ, ಕೊನೆಯ ಸೀಟಿ ಊದಿದ ಮೇಲೆ ತಿರುಗಬಹುದೆಂದು ಪಾದ್ರಿಗಳನ್ನೂ ಕೇಳಿ ಬಂದಿದ್ದಾಳೆ. ಅದಕ್ಕೇ ಮಗನೇ, ಸೋಲಲಿ ಗೆಲ್ಲಲಿ, ಸೀಟಿಯಾದ ತಕ್ಷಣ ಒಳಗೆ ಓಡಬೇಡ. ನದಿ ಕಡೆಯ ಮೆಟ್ಟಿಲುಗಳ ಕೆಳಗೆ ಎರಡು ನಿಮಿಷ ನಿಂತಿರು. ಎದುರಾಳಿಯ ಜೊತೆ ಅಂಗಿ ಬದಲಾಯಿಸಿಕೊಳ್ಳಲೂ ಬೇಡ. ನಿನ್ನ ಬೆನ್ನಿನ ಆ ಎಂಟನೇ ನಂಬರನ್ನು ಅವಳು ಹದಿನಾರು ವರ್ಷದಿಂದ ಕಂಡದ್ದು ಒಗೆಯುವ ಕಲ್ಲಿನ ಮೇಲೆ ಮಾತ್ರ.