ಗೋಡೌನಿನೊಳಗೆ ಹೊಡೆಯಬಾರದ ಗುಂಡು

೧೧-೧೦-೯೯, ಸೋಮವಾರ

ಏಳಕ್ಕೇ ಕ್ಲಬ್ಬಿನ ಶೂಟಿಂಗ್ ರೇಂಜ್ ತೆಗೆದೆ. ಗುರಿಹಲಗೆ ಕೆಳಗಿನ ಮರಳು ಜರಡಿ ಹಿಡಿದು ಸೀಸ ಆರಿಸಿದ್ದಾಯ್ತು. ಸೊಂಟ ಹಿಡ್ಕಂತು. ಕಮಲಾಕ್ಷಿ ಇದ್ದಿದ್ರೆ ಬೈತಿದ್ಲು — ರಿಟೈರಾದ ಮೇಲೆ ಮರಳು ಜಾಲಿಸೋಕೆ ಹೋಗ್ತಾರಲ್ಲ ಈ ಮನುಷ್ಯ ಅಂತ. ಅವಳು ಹೋಗಿ ಎರಡು ವರ್ಷ. ಬೈಯೋರು ಇಲ್ಲ, ತಿಂಡಿ ಹೊತ್ತೂ ತಪ್ತು.

ಮುಸರತ್ ಬಂದ್ಲು. ಮೆಕ್ಯಾನಿಕ್ ಮಸ್ತಾನ್ ಸಾಬನ ಮಗಳು, ಸೆಕೆಂಡ್ ಪಿಯುಸಿ. ೩೧ಕ್ಕೆ ಬೆಂಗಳೂರಲ್ಲಿ ಏರ್ ರೈಫಲ್ ಸ್ಟೇಟ್ ಸೆಲೆಕ್ಷನ್. ಚಳ್ಳಕೆರೆಯಿಂದ ಇವಳೊಬ್ಬಳೇ. "ಅಂಕಲ್, ಉಸಿರು ನಿಲ್ಲಿಸೋಕೆ ಆಗ್ತಿಲ್ಲ" ಅಂದ್ಲು. ಅರ್ಧ ಬಿಟ್ಟು ನಿಲ್ಲಿಸವ್ವ, ನಮ್ಮ ಎನ್‌ಸಿಸಿನಲ್ಲಿ ಹಿಂಗೇ, ಒಂದ್ಸಲ ಕ್ಯಾಂಪಲ್ಲಿ... ಅಂತ ಶುರು ಮಾಡಿದೆ. "ನೀವು ಮಾತು ನಿಲ್ಸಿದ್ರೆ ನನ್ನ ಉಸಿರೂ ನಿಲ್ತೈತೆ." ಬಾಯಿ ಮುಚ್ಚಿಕೊಂಡೆ. ಚೆನ್ನಾಗಿ ಹೊಡೆದ್ಲು.

ಮಧ್ಯಾಹ್ನ ಬೋರ್ಡಿಗೆ ಹೊಸ ಬಣ್ಣ. ಒಳಗೆ ಏರ್ ರೈಫಲ್, ಪಾಯಿಂಟ್ ಟೂ ಟೂ ಮಾತ್ರ. ಬರೀ ಸೀಸದ ಗುಂಡು. ತಾಮ್ರದ ಕವಚದ್ದು, ಹನ್ನೆರಡು ಬೋರು, ಮದ್ದು ಗಿಡಿಯೋ ನಾಡಬಂದೂಕು — ಸ್ಟ್ರಿಕ್ಟ್ಲಿ ಪ್ರೊಹಿಬಿಟೆಡ್. ಕೆಳಗೆ ಇಂಗ್ಲಿಷಲ್ಲಿ ಒಂದು ಸೆಂಟೆನ್ಸ್ ಬರೀಬೇಕಂತಿತ್ತು. ಸೇಫ್ಟಿ ಡಸ್ ನಾಟ್ ಡಿಪೆಂಡ್ ಅಪಾನ್... ಮುಂದಿನದು ಬರಲಿಲ್ಲ. ಬಿಟ್ಟೆ.

೧೩-೧೦-೯೯, ಸಂಜೆ

ಮುರುಗೇಂದ್ರಪ್ಪ ಬಂದಿದ್ದ. ಕಾಲೇಜಲ್ಲಿ ನನ್ನ ಕ್ಲಾಸ್‌ಮೇಟು, ಎನ್‌ಸಿಸಿನಲ್ಲೂ ಜತೆಗಾರ. ರೇಂಜ್ ಇರೋ ಈ ಗೋಡೌನ್ ಅವನದೇ. ಎಣ್ಣೆಮಿಲ್ಲು ನಿಂತ ಮೇಲೆ ಕ್ಲಬ್ಬಿಗೆ ಬಿಟ್ಟುಕೊಟ್ಟ, ಬಾಡಿಗೆ ಇಲ್ಲ. ದೊಡ್ಡ ಮನಸ್ಸು, ಇಲ್ಲ ಅನ್ನೋಕಾಗಲ್ಲ.

ಎಲೆಕ್ಷನ್ನಿಗೆ ಅಂತ ಸ್ಟೇಷನ್ನಲ್ಲಿಟ್ಟಿದ್ದ ಬಂದೂಕು ವಾಪಸ್ ಬಂತಂತೆ. ಅವರಪ್ಪನ ಕಾಲದ್ದು, ಬಾಯಿಂದ ಮದ್ದು ಗಿಡಿಯೋದು. ಮೊಳಕಾಲ್ಮೂರು ಹೊಲದಲ್ಲಿ ಶೇಂಗಾಕ್ಕೆ ಹಂದಿ ಬರ್ತವೆ ಅಂತ ಲೈಸೆನ್ಸು.

"ಒಂದು ವಿಷ್ಯ. ಅದು ತುಂಬಿದ್ದೇ ಐತೆ."

"ಅಂದ್ರೆ? ತುಂಬಿದ್ದನ್ನೇ ಸ್ಟೇಷನ್ನಿಗೆ ಕೊಟ್ಯೇನಲೇ?"

"ಖಾಲಿ ಅಂದೆ. ಅವತ್ತು ಬಿಚ್ಚೋಕೆ ಟೈಮೆಲ್ಲಿತ್ತು?"

ನಳಿಗೆಗೆ ನೀರು ಬಿಡು, ಮದ್ದು ಸತ್ತೋಗ್ತೈತೆ, ಆಮೇಲೆ ಗುಂಡು ಎಳೆದು ತೆಗಿಯೋಣ ಅಂದೆ. ಕೈ ಬೀಸಿದ. ಅವರ ಮನೇಲಿ ಆಯುಧಪೂಜೆ ದಿನ ಆ ಬಂದೂಕು ಒಂದ್ಸಲ ಬಾಯಿ ಬಿಡಬೇಕು. ತುಂಬಿದ ಬಂದೂಕಿನ ಬಾಯಿಗೆ ನೀರು ಬಿಡೋದು ಅಂದ್ರೆ, ಅವರಲ್ಲಿ ಹೆಣದ ಬಾಯಿಗೆ ಬಿಟ್ಟ ಲೆಕ್ಕ. ಹಂದಿಗಲ್ಲದೆ ಸುಮ್ನೆ ಹಬ್ಬಕ್ಕೆ ಅಂತ ಹೊಲದಲ್ಲಿ ಹಾರಿಸಿದ್ರೆ ಲೈಸೆನ್ಸ್ ಕ್ಯಾನ್ಸಲ್ ಅಂತ ಪೊಲೀಸ್ರು ಹೇಳಿ ಕಳಿಸಿದಾರೆ.

"ಅದಕ್ಕೇ ಇಲ್ಲಿ ಹೊಡೀತೀನಿ. ಗುಂಡು ಹೊಡಿಯೋಕೆ ತಾನೇ ಈ ಜಾಗ ಇರೋದು?"

ಕರ್ಕೊಂಡೋಗಿ ತೋರಿಸಿದೆ. ಇಲ್ಲಿ ನೋಡು, ಗುರಿ ಹಿಂದೆ ಇರೋದು ಕಾಲಿಂಚಿನ ತಗಡು, ಓರೆಯಾಗಿ ನಿಲ್ಲಿಸಿದೀವಿ. ಸೀಸ ಆದ್ರೆ ಚಪ್ಪಟೆಯಾಗಿ ಮರಳಿಗೆ ಬೀಳ್ತೈತೆ. ನಿನ್ನದು ತೂತು ಮಾಡ್ಕಂಡು ಹೋಗ್ತೈತೆ, ಇಲ್ಲಾ ನಮ್ಮ ಮುಖಕ್ಕೇ ವಾಪಸ್ ಬರ್ತೈತೆ. ಗೋಡೆ ಆಚೆ ಮಂಡಿಗೆ ಕೂಲಿಗೆ ಬರೋ ಜುಂಜಮ್ಮನವರು ಈರುಳ್ಳಿ ಆರಿಸ್ತಾ ಕೂತಿರ್ತಾರೆ.

"ಅವತ್ತೊಂದಿನ ಅವರಿಗೆ ರಜ ಕೊಡ್ಸಾನ" ಅಂದ. ನಕ್ಕ. ನಾನೂ ನಕ್ಕೆ. ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

೧೮-೧೦-೯೯, ಆಯುಧಪೂಜೆ

ಅಕ್ಷರ ನೆಟ್ಟಗೆ ಬರ್ತಿಲ್ಲ.

ರೈಫಲ್‌ಗಳಿಗೆ ಕುಂಕುಮ ಇಟ್ಟು, ಬಾಗಿಲಿಗೆ ಬೂದುಗುಂಬಳ ಒಡೆದು, ಮುಸರತ್‌ಗೆ ಹತ್ತು ಶಾಟ್ ಹೊಡಿಯವ್ವ ಅಂದೆ. ಮುರುಗೇಂದ್ರಪ್ಪ ಬಂದ. ಬಂದೂಕಿಗೆ ಚೆಂಡುಹೂವಿನ ಹಾರ. ಹಿಂದೆ ಹೆಂಡತಿ ಬಸವಲಿಂಗಮ್ಮ, ಆರತಿ ತಟ್ಟೆ.

ಆಗಲ್ಲ ಅಂದೆ.

"ನನ್ನ ಗೋಡೌನಲ್ಲಿ ನನಗೇ ಕಾನೂನು ಹೇಳ್ತೀಯೇನಲೇ?"

"ಗೋಡೌನ್ ನಿಂದು. ರೇಂಜ್ ಕ್ಲಬ್ಬಿಂದು. ರೇಂಜ್ ಆಫೀಸರ್ ನಾನು."

"ಆಫೀಸರ್ರಂತೆ! ಪೆಲೆಟ್ ಆರ್ಸೋ ಆಫೀಸರ್ರು!"

ಬಂದೂಕು ಎತ್ತಿದ. ಏನು ತಿಳೀತೋ, ಮುಸರತ್‌ಳನ್ನ ಆಚೆ ಕಳಿಸಿ ಹೋಗಿ ತಗಡಿನ ಮುಂದೆ ನಿಂತೆ. ಫೂಲಿಷ್. ರೂಲಿಗೆ ಅದೂ ವಿರುದ್ಧ — ರೇಂಜ್ ಆಫೀಸರ್ ಗುರಿ ಮುಂದೆ ನಿಲ್ಲಬಾರದು. ನಿಂತೆ. ಬಸವಲಿಂಗಮ್ಮ "ಬ್ಯಾಡ್ರೀ, ಇಳಸ್ರೀ" ಅಂತಿದ್ರು. ಆರತಿ ಆರಿಹೋಗಿತ್ತು.

ಇಳಿಸಿದ. ಮೆತ್ತಗೆ ಅಂದ — "ಹಂಗಾದ್ರೆ ಹೊಲಕ್ಕೆ ಬಾ. ಲೈಸೆನ್ಸ್ ಹೋದ್ರೆ ಹೋಗ್ಲಿ. ಜತೆಗೆ ನಿಂತ್ಕ, ಸಾಕು. ನಂಗೊಬ್ಬಂಗೇ ಧೈರ್ಯ ಇಲ್ಲ."

"ನನ್ನ ಜೂರಿಸ್ಡಿಕ್ಷನ್ ಈ ಗೋಡೆ ತನಕ" ಅಂದೆ. ಇಂಗ್ಲಿಷಲ್ಲೇ ಅಂದೆ. ಎಲ್ಲಿಂದ ಬಂತೋ ಆ ಪದ.

ಅವನು ನನ್ನಿಂದ ಬೀಗದಕೈ ಇಸ್ಕಂಡು, ನಮ್ಮನ್ನ ಹೊರಗೆ ಬಿಟ್ಟು, ಬೀಗ ಹಾಕಿ ಹೋದ. ರೈಫಲ್‌ಗಳು ಒಳಗೇ ಉಳಿದವು. ಮುಸರತ್ ಸೈಕಲ್ ಹಿಡ್ಕಂಡು ನಿಂತಿದ್ಲು. "ಪ್ರಾಕ್ಟೀಸ್ ಎಲ್ಲಿ ಅಂಕಲ್ ಇನ್ಮೇಲೆ?" ನೋಡಾನ ಅಂದೆ.

೨೦-೧೦-೯೯

ಹೊಲ ಕಾಯೋ ಚಿತ್ತಪ್ಪ ಮೊಳಕಾಲ್ಮೂರಿಂದ ಮೊದಲನೇ ಬಸ್ಸಿಗೆ ಬಂದ. ಅಂಗಿ ತುಂಬ ರಕ್ತದ ಕಲೆ, ಒಣಗಿದ್ದು. ನಿಂತೇ ಹೇಳಿದ, ಕೂತ್ಕ ಅಂದ್ರೂ ಕೂರಲಿಲ್ಲ.

ನಿನ್ನೆ ಬನ್ನಿ ಮುಡಿದು ಹೊಲಕ್ಕೆ ಹೋಗಿದಾನೆ ಮುರುಗೇಂದ್ರಪ್ಪ. ಬಂದೂಕಿನ ಕುದುರೆ ಎಳೆದ್ರೆ ತುಸ್ ಅಂದು ಸುಮ್ಮನಾಯ್ತಂತೆ. ಹಳೇ ಮದ್ದು, ತಂಡಿ ಹಿಡಿದಿರಬೇಕು. ಪೂಜೆ ಬಂದೂಕು ಬಾಯಿ ಬಿಡದೆ ಮನೆಗೆ ಹೋಗೋದು ಹೆಂಗೆ ಅಂತ, ಹಳೇ ಮದ್ದು ತೆಗೀದೇ ಅದರ ಮೇಲೇ ಹೊಸದು ಗಿಡಿದಿದಾನೆ.

"ವದ್ದು ಸಾಮೀ, ಬ್ಯಾಡ ಸಾಮೀ ಅಂದ್ನಿ. ನಿಂಗೇನ್ ಗೊತ್ತಲೇ ಅಂದ್ರು."

ನಳಿಗೆ ಬುಡದಲ್ಲೇ ಸೀಳಿದೆ. ಎಡಗೈ ಮೂರು ಬೆರಳು ಇಲ್ಲ. ಎಡಗಣ್ಣು ಹೇಳಕ್ಕಾಗಲ್ಲ ಅಂತ ಡಾಕ್ಟ್ರು. ದಾವಣಗೆರೆಗೆ ಒಯ್ದಿದಾರೆ.

ಮದ್ದಿನ ಮೇಲೆ ಮದ್ದು ಗಿಡಿದ್ರೆ ನಳಿಗೆ ಸೀಳ್ತೈತೆ ಅಂತ ಚಿತ್ತಪ್ಪನಿಗೆ ಗೊತ್ತಿಲ್ದಿದ್ರೂ ನನಗೆ ಗೊತ್ತಿತ್ತು. ಅಲ್ಲಿ ನಿಂತಿದ್ರೆ ಅವನ ಕೈ ಹಿಡಿತಿದ್ದೆ. ನನ್ನ ಮಾತು ಕೇಳ್ತಿದ್ದ... ಕೇಳ್ತಿದ್ನಾ? ರೇಂಜೊಳಗೆ ಸಿಡಿದಿದ್ರೆ ಪಕ್ಕದಲ್ಲಿ ಬಸವಲಿಂಗಮ್ಮ ಇದ್ರು, ಬಾಗಿಲಾಚೆ ಮುಸರತ್. ರೂಲ್ ಸರಿ. ರೂಲ್ ಸರಿನೇ. ನೂರು ಸಲ ಬರೆದ್ರೂ ಸರಿ.

ಊಟ ಸೇರ್ತಿಲ್ಲ.

೨೪-೧೦-೯೯

ದಾವಣಗೆರೆಗೆ ಹೋಗಿ ಬಂದೆ. ವಾರ್ಡ್ ಬಾಗಿಲ ತನಕ. ಮಲಗಿದಾರೆ ಅಂದ್ರು ಬಸವಲಿಂಗಮ್ಮ. ನಾನೂ ಎಬ್ಬಿಸಿ ಅನ್ನಲಿಲ್ಲ. ಬೀಗದಕೈ ಕೇಳೋಕೆ ಬಾಯಿ ಬರಲಿಲ್ಲ. ಮುಸರತ್ ಮನೆ ಪಡಸಾಲೆಯಲ್ಲಿ ಪೊರಕೆಕಡ್ಡಿ ಭುಜಕ್ಕಿಟ್ಕಂಡು ನಿಲ್ತಾಳೆ ಅಂತ ಮಸ್ತಾನ್ ಸಾಬ್ ಹೇಳಿದ. ಬೇಜಾರಿಂದ ಅಲ್ಲ, ಸುಮ್ಮನೆ ಹೇಳಿದ. ಅದೇ ಕಷ್ಟ.

೩೦-೧೦-೯೯, ಬೆಳಿಗ್ಗೆ

ರಾತ್ರಿ ಬಸ್ಸಿಗೆ ಮುಸರತ್ ಬೆಂಗಳೂರಿಗೆ. ನಾಳೆ ಶೂಟ್. ರೈಫಲ್ ಇಲ್ಲದೆ ಹೋಗಿ ಮಾಡೋದೇನು? ಮಸ್ತಾನ್ ಸಾಬ್ ಟಿಕೆಟ್ ಮಾತ್ರ ವಾಪಸ್ ಮಾಡಿಲ್ಲ.

ಅದೇ ದಿನ, ಮಧ್ಯಾಹ್ನ

ಮುರುಗೇಂದ್ರಪ್ಪ ಕಾರಲ್ಲಿ ಬಂದ. ದಾವಣಗೆರೆಯಿಂದ ಸೀದಾ. ಮುಖ ಅರ್ಧ ಬ್ಯಾಂಡೇಜು. ನನ್ನ ಕಡೆ ನೋಡಲಿಲ್ಲ. ಬಲಗೈಲೇ ಬೀಗ ತೆಗೆದ, ಎರಡು ಸಲ ಜಾರಿತು, ನಾನು ಹೋದ್ರೆ ಮೊಣಕೈಲಿ ತಳ್ಳಿದ.

"ಹುಡುಗೀನ ಕರೆಸು" ಅಂದ.

ಬಂದ್ಲು. ಹೆದರಿಕೊಂಡೇ ರೈಫಲ್ ತಗಂಡ್ಲು. ಅವನು ಬೆಂಚಿನ ಮೇಲೆ ಕೂತ. "ಹೊಡೀಲಿ. ನೋಡ್ತೀನಿ. ಒಂದು ಕಣ್ಣು ಸಾಕು ನೋಡಕ್ಕೆ."

ಯಾರೂ ನಗಲಿಲ್ಲ.

ಲೋಡ್ ಅಂದೆ. ರೈಫಲ್ ಮುಚ್ಚಿದ ಟಕ್ ಸದ್ದಿಗೆ ಅವನ ಭುಜ ಅದುರಿತು. ಎದ್ದು ಹೋಗ್ತಾನೆ ಅಂದ್ಕಂಡೆ. ಹೋಗಲಿಲ್ಲ. ಬೆಂಚಿನ ತುದಿ ಹಿಡ್ಕಂಡ. ಬೇಡ ನಡಿ, ಆಚೆ ಕೂರಾನ ಅಂದೆ. ತಲೆಯಾಡಿಸಿದ, ಇಲ್ಲೇ ಅಂತ. ಆಮೇಲೆ ಪಕ್ಕದ ಜಾಗ ತಟ್ಟಿ — "ಜತೆಗೆ ಕೂತ್ಕ" ಅಂದ. ಕಮಾಂಡ್ ಕೊಡೋನು ಕೂರಂಗಿಲ್ಲ, ಫೈರಿಂಗ್ ಲೈನ್ ಹಿಂದೆ ನಿಂತಿರಬೇಕು. ಹೋಗಿ ಕೂತೆ. ಮುಸರತ್ ಕೆನ್ನೆ ರೈಫಲ್ಲಿಗಿಟ್ಟು ಕಾಯ್ತಿದ್ಲು. ನಾನು ಫೈರ್ ಅನ್ನಬೇಕಿತ್ತು. ಅವನು ನನ್ನ ಮೊಣಕೈ ಹಿಡ್ಕಂಡ, ಉಳಿದಿರೋ ಬಲಗೈಯಲ್ಲಿ, ಗಟ್ಟಿಯಾಗಿ. ನಾನು ಬಾಯಿ ತೆಗೆದೆ, ಕೂತಲ್ಲಿಂದಲೇ ಫೈರ್ ಅಂದೆ.